ನಿಂತ ಮೋಟ್ರನ್ನು ನಂಬಬೇಡಿ

ಚನ್ನಪಟ್ಟಣ ತಾಲ್ಲೂಕಿನ ಹೊಂಗನೂರಿನಲ್ಲಿ ನಮ್ಮ ಗುಂಪಿನ ಗೆಳೆಯನೊಬ್ಬನ ಮಾವನ ತೋಟವಿದೆ. 120 ತೆಂಗು, ಒಂದಷ್ಟು ಹಿಪ್ಪುನೇರಳೆ, ಮೂರು ಸೀಮೆಹಸು, ಒಂದು ಬೋರು. ಹೋದ ಬೇಸಿಗೆಯಲ್ಲಿ ಅಲ್ಲಿ ಒಂದು ಘಟನೆ ನಡೆಯಿತು. ಯಾರೂ ಸಾಯಲಿಲ್ಲ, ಹಾಗಾಗಿ ಅದು ಯಾವ ಪತ್ರಿಕೆಯಲ್ಲೂ ಬರಲಿಲ್ಲ. ಬರದೇ ಹೋದ ಆ ಸುದ್ದಿಯನ್ನೇ ಇವತ್ತು ಬರೆಯುತ್ತಿದ್ದೇವೆ.

ಬೋರಿನ ಬಾಯಿಯ ಹತ್ತಿರ ಕೇಬಲ್ ಜಾಯಿಂಟಿಗೆ ಸುತ್ತಿದ್ದ ಟೇಪು ಬಿಸಿಲಿಗೆ ಒಣಗಿ ಬಿಚ್ಚಿಕೊಂಡಿತ್ತು. ಹೊಸ ಟೇಪು ಸುತ್ತಬೇಕು, ಹತ್ತು ನಿಮಿಷದ ಕೆಲಸ. ಮಾವ ಮೋಟ್ರು ಮನೆಗೆ ಹೋಗಿ ಸ್ಟಾರ್ಟರಿನ ಕೆಂಪು ಗುಂಡಿ ಒತ್ತಿದರು. ಮೋಟ್ರು ನಿಂತಿತು, ತೊಟ್ಟಿಗೆ ಬೀಳುತ್ತಿದ್ದ ನೀರೂ ನಿಂತಿತು. ಬಂದು ಕುಕ್ಕರುಗಾಲಲ್ಲಿ ಕೂತು ಹಳೇ ಟೇಪು ಕೀಳಲು ಕೈ ಚಾಚಿದರು. ಅವರ ಅಕ್ಕನ ಮಗ ಐಟಿಐ ಓದಿದವನು, ಬಿಡದಿಯ ಕಾರ್ಖಾನೆಯೊಂದರಲ್ಲಿ ಮೇಂಟೆನೆನ್ಸ್ ಕೆಲಸ. ಅವತ್ತು ವಾರದ ರಜೆ, ತೋಟದಲ್ಲೇ ಇದ್ದ.

"ತಡಿ ಮಾವ, ಒಂದ್ಸಲ ಟೆಸ್ಟರ್ ಹಿಡೀತೀನಿ."

"ಆಫ್ ಮಾಡಿ ಬಂದಿವ್ನಿ ಕಣ್ಲಾ. ನೀರು ನಿಂತೈತೆ, ಕಾಣಾಕಿಲ್ವಾ? ಇನ್ನೇನ್ ಟೆಸ್ಟರ್ರು?"

ಹುಡುಗ ಕೇಳಲಿಲ್ಲ. ಒಂದು ತಂತಿಗೆ ಟೆಸ್ಟರ್ ಇಟ್ಟ, ಉರಿಯಿತು. ಎರಡನೆಯದಕ್ಕೆ ಇಟ್ಟ, ಉರಿಯಿತು. ಮೂರನೆಯದೂ ಉರಿಯಿತು. ಮಾವ ಕೈ ಹಿಂದಕ್ಕೆ ಎಳೆದುಕೊಂಡು ಬದುವಿನ ಮೇಲೆ ಕೂತುಬಿಟ್ಟರಂತೆ. ಅತ್ತೆ ಮಜ್ಜಿಗೆ ತಂದಾಗ ಇಬ್ಬರೂ ವಿಷಯ ಹೇಳಲಿಲ್ಲವಂತೆ.

ಆಮೇಲೆ ಮೇನ್ ಸ್ವಿಚ್ ಇಳಿಸಿ, ಫ್ಯೂಸ್ ಕಿತ್ತು, ಸ್ಟಾರ್ಟರ್ ಡಬ್ಬಿ ಬಿಚ್ಚಿ ನೋಡಿದರು. ಒಳಗಿನ ಮೂರು ಪಾಯಿಂಟುಗಳಲ್ಲಿ ಒಂದು ಬೆಸೆದುಕೊಂಡಿತ್ತು. ಉಳಿದೆರಡು ಬಿಟ್ಟುಕೊಂಡಿದ್ದವು.

ಸ್ಟಾರ್ಟರ್ ಹೇಗೆ ಕೆಲಸ ಮಾಡುತ್ತದೆ ಅನ್ನುವುದು ನಮ್ಮಲ್ಲಿ ಬಹಳ ಜನರಿಗೆ ಅರ್ಧ ಗೊತ್ತು. ಹಸಿರು ಗುಂಡಿ ಒತ್ತಿದರೆ ಒಳಗಿನ ಕಾಯಿಲಿಗೆ ಕರೆಂಟು ಹೋಗುತ್ತದೆ, ಕಾಯಿಲು ಅಯಸ್ಕಾಂತವಾಗಿ 'ಠಕ್' ಅಂತ ಮೂರು ಪಾಯಿಂಟನ್ನೂ ಎಳೆದು ಕೂಡಿಸುತ್ತದೆ, ಮೂರು ಫೇಸೂ ಮೋಟ್ರಿಗೆ ಹರಿಯುತ್ತದೆ. ಇಷ್ಟು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ ಅರ್ಧ ಇದು: ಕೆಂಪು ಗುಂಡಿ ಕಡಿಯುವುದು ಕಾಯಿಲಿನ ಕರೆಂಟನ್ನು ಮಾತ್ರ. ಮೋಟ್ರಿನ ಕರೆಂಟು ಕಡಿಯಬೇಕಾದದ್ದು ಒಳಗಿರುವ ಸ್ಪ್ರಿಂಗು. ಕಾಯಿಲು ಕೈಬಿಟ್ಟ ಮೇಲೆ ಸ್ಪ್ರಿಂಗು ಪಾಯಿಂಟುಗಳನ್ನು ಹಿಂದಕ್ಕೆ ತಳ್ಳಬೇಕು. ಪಾಯಿಂಟು ಬೆಸೆದುಕೊಂಡಿದ್ದರೆ ಸ್ಪ್ರಿಂಗು ಏನು ಮಾಡೀತು?

ಬೈಕ್ ಓಡಿಸುವ ಹುಡುಗರಿಗೆ ಇದು ಬೇಗ ಅರ್ಥವಾಗುತ್ತದೆ. ಕೆಲವೊಮ್ಮೆ ಸೆಲ್ಫ್ ಹೊಡೆದು ಬೆರಳು ತೆಗೆದರೂ 'ಕರ್ ಕರ್' ಅಂತ ಸೆಲ್ಫ್ ತಿರುಗುತ್ತಲೇ ಇರುತ್ತದೆ, ಕೀ ತಿರುವಿದರೂ ನಿಲ್ಲುವುದಿಲ್ಲ, ಬ್ಯಾಟರಿ ವೈರ್ ಕೀಳಬೇಕು. ಅದೂ ಇದೇ ಕಾಯಿಲೆ. ಸ್ಟಾರ್ಟರ್ ರಿಲೇಯ ಪಾಯಿಂಟು ಕಚ್ಚಿಕೊಂಡಿರುತ್ತದೆ. ಬೈಕಿನಲ್ಲಿ 12 ವೋಲ್ಟ್, ಕಿವಿಗೆ ಕೇಳುತ್ತದೆ, ಕಣ್ಣಿಗೆ ಕಾಣುತ್ತದೆ. ತೋಟದಲ್ಲಿ 415 ವೋಲ್ಟ್. ಅಲ್ಲಿ ಕಾಣುವುದೂ ಇಲ್ಲ, ಕೇಳುವುದೂ ಇಲ್ಲ.

ಪಾಯಿಂಟು ಬೆಸೆಯುವುದಕ್ಕೆ ಕಾರಣ ಬಹಳ ಸರಳ. ಪಾಯಿಂಟಿನ ತುದಿಗೆ ಬೆಳ್ಳಿ ಬೆರೆಸಿದ ಲೋಹದ ಬಿಲ್ಲೆ ಕೂರಿಸಿರುತ್ತಾರೆ. 7.5 ಎಚ್‌ಪಿ ಮೋಟ್ರು ಓಡುವಾಗ ಸುಮಾರು 15 ಆಂಪ್ ಎಳೆದರೆ, ಶುರುವಾಗುವ ಕ್ಷಣದಲ್ಲಿ ಅದರ ಐದಾರು ಪಟ್ಟು ಎಳೆಯುತ್ತದೆ. ಅದೇ ಕ್ಷಣದಲ್ಲಿ ಪಾಯಿಂಟು ಬಂದು ಬಡಿದು, ಚೂರು ಪುಟಿದು, ಮತ್ತೆ ಕೂಡುತ್ತದೆ. ಪುಟಿದಾಗಲೆಲ್ಲ ಕಿಡಿ. ಕಿಡಿಗೆ ಬಿಲ್ಲೆಯ ಮೇಲ್ಮೈ ಕರಗುತ್ತದೆ. ಕರಗಿದ ಎರಡು ಬಿಲ್ಲೆಗಳನ್ನು ಒತ್ತಿ ಹಿಡಿದರೆ ಆಗುವುದು ವೆಲ್ಡಿಂಗೇ. ಹೊಸ ಪಾಯಿಂಟಾದರೆ ಸ್ಪ್ರಿಂಗಿನ ಬಲಕ್ಕೆ ಬಿಟ್ಟುಕೊಳ್ಳುತ್ತದೆ. ಸವೆದು ಗುಳಿ ಬಿದ್ದ ಪಾಯಿಂಟು, ಬಿಸಿಯಲ್ಲಿ ಸೋತ ಸ್ಪ್ರಿಂಗು, ನಡುವೆ ಸಿಕ್ಕಿ ಸುಟ್ಟ ಇರುವೆ, ಹಲ್ಲಿ ಎಲ್ಲ ಸೇರಿದರೆ ಒಂದು ದಿನ ಬಿಡುವುದಿಲ್ಲ.

ಇನ್ನೊಂದು ಮಾತು, ಇದು ವೈಂಡಿಂಗ್ ಅಂಗಡಿಯವರಿಗೂ ಸೇರಿಸಿ. ಪಾಯಿಂಟು ಕಪ್ಪಾಗಿದೆ ಅಂತ ಉಪ್ಪು ಕಾಗದ ಹಾಕಿ ತಿಕ್ಕುವುದು, ಅರ ಹಾಕಿ ಉಜ್ಜುವುದು ನಮ್ಮ ಕಡೆ ರೂಢಿ. ಬೆಳ್ಳಿಯ ಕಪ್ಪು ಕರೆಂಟಿಗೆ ಅಷ್ಟೇನೂ ಅಡ್ಡಿಯಲ್ಲ. ತಿಕ್ಕಿದಾಗ ಹೋಗುವುದು ಬೆಲೆಬಾಳುವ ಬೆಳ್ಳಿ ಪದರ. ಉಳಿಯುವುದು ಉಬ್ಬುತಗ್ಗಿನ ಮೇಲ್ಮೈ, ಅದು ಬೇಗ ಬೆಸೆಯುತ್ತದೆ. ಬೆಸೆದ ಪಾಯಿಂಟನ್ನು ಸ್ಕ್ರೂಡ್ರೈವರ್ ಹಿಡಿಯಿಂದ ಕುಟ್ಟಿ ಬಿಡಿಸಿ, "ಈಗ ಸರಿ ಹೋಯ್ತು ಬುಡಿ ಗೌಡ್ರೇ" ಅಂತ ಹೋಗುವ ಮೆಕ್ಯಾನಿಕ್ಕು ಸರಿ ಮಾಡಿಲ್ಲ, ಮುಂದಿನ ವಾರಕ್ಕೆ ತಳ್ಳಿದ್ದಾನೆ ಅಷ್ಟೇ.

ಮೂರೂ ಪಾಯಿಂಟು ಬೆಸೆದರೆ ಗುಂಡಿ ಒತ್ತಿದರೂ ಮೋಟ್ರು ಓಡುತ್ತಲೇ ಇರುತ್ತದೆ. ಇದು ಕಡಿಮೆ ಅಪಾಯದ್ದು, ಯಾಕೆಂದರೆ ಗೊತ್ತಾಗುತ್ತದೆ. ಹೋಗಿ ಮೇನ್ ಸ್ವಿಚ್ ಇಳಿಸುತ್ತೀರಿ.

ಎರಡು ಬೆಸೆದರೆ ಮೋಟ್ರು ಎರಡೇ ಫೇಸಿನಲ್ಲಿ ಗೊಂಯ್‌ಗುಡುತ್ತಾ ಆಂಪ್ಸ್ ಎಳೆಯುತ್ತದೆ. ಓವರ್‌ಲೋಡ್ ರಿಲೇ ತನ್ನ ಕೆಲಸ ಮಾಡುತ್ತದೆ, ಟ್ರಿಪ್ ಆಗುತ್ತದೆ. ಆದರೆ ಓವರ್‌ಲೋಡ್ ರಿಲೇಯೂ ಕಡಿಯುವುದು ಕಾಯಿಲಿನ ಕರೆಂಟನ್ನೇ. ಸಿಂಗಲ್ ಫೇಸ್ ಪ್ರಿವೆಂಟರ್ ಕಡಿಯುವುದೂ ಅದನ್ನೇ, ಡ್ರೈ ರನ್ ರಿಲೇ ಕಡಿಯುವುದೂ ಅದನ್ನೇ. ನಾವು ದುಡ್ಡು ಕೊಟ್ಟು ಹಾಕಿಸಿದ ಎಲ್ಲಾ ಕಾವಲುಗಾರರೂ ಒಂದೇ ಬಾಗಿಲು ಮುಚ್ಚಲು ಓಡುತ್ತಾರೆ, ಆ ಬಾಗಿಲೇ ಕೆಟ್ಟಿರುತ್ತದೆ. ಬೋರಿನ ತಳದಲ್ಲಿ ವೈಂಡಿಂಗು ಸುಡುತ್ತದೆ. ಮೋಟ್ರು ಎತ್ತುವ ಕೂಲಿ, ವೈಂಡಿಂಗು, ಮತ್ತೆ ಇಳಿಸುವ ಕೂಲಿ, ಅಷ್ಟರಲ್ಲಿ ಒಣಗಿದ ಸೊಪ್ಪು. ಕೊನೆಗೆ ನಾವು ಬೈಯುವುದು ಬೆಸ್ಕಾಂನ ವೋಲ್ಟೇಜನ್ನು. ಎಷ್ಟೋ ಸಲ ಬೈಗುಳ ಸರಿಯೇ ಇರುತ್ತದೆ. ಎಲ್ಲ ಸಲವೂ ಅಲ್ಲ.

ಒಂದೇ ಬೆಸೆದರೆ ಏನಾಗುತ್ತದೆ ಅನ್ನುವುದನ್ನು ಹೊಂಗನೂರಿನಲ್ಲಿ ನೋಡಿದ್ದೇವೆ. ಒಂದು ಫೇಸಿನಲ್ಲಿ ಮೋಟ್ರು ತಿರುಗಲಾರದು, ನಿಲ್ಲುತ್ತದೆ. ಸದ್ದಿಲ್ಲ, ನೀರಿಲ್ಲ. ಆದರೆ ಆ ಒಂದು ಫೇಸು ಕೇಬಲಿನಲ್ಲಿ ಇಳಿದು, ಮೋಟ್ರಿನ ವೈಂಡಿಂಗಿನ ಮೂಲಕ ಹಾದು, ಉಳಿದೆರಡು ತಂತಿಯಲ್ಲೂ ಮೇಲೆ ಬಂದು ನಿಂತಿರುತ್ತದೆ. ನೆಲದ ಮೇಲೆ ಬರಿಗಾಲಲ್ಲಿ ನಿಂತವನಿಗೆ 230-240 ವೋಲ್ಟ್. ಅದಕ್ಕೇ ಮೂರೂ ತಂತಿಯಲ್ಲಿ ಟೆಸ್ಟರ್ ಉರಿದದ್ದು. ಮೂರರಲ್ಲಿ ಅತಿ ಕಡಿಮೆ ಕೆಟ್ಟಿರುವ ಸ್ಟಾರ್ಟರೇ ಕೊಲ್ಲುವ ಸ್ಟಾರ್ಟರು. ಈ ವಿಚಿತ್ರ ನಮಗೂ ಮೊದಲು ಹೊಳೆದಿರಲಿಲ್ಲ.

ಇಲ್ಲಿ ನಮ್ಮ ಕಸುಬಿನ ತಪ್ಪನ್ನೂ ಒಪ್ಪಿಕೊಳ್ಳಬೇಕು. ನಾವು ಪತ್ರಿಕೋದ್ಯಮ ಓದಿದವರು. 'ವಿದ್ಯುತ್ ಸ್ಪರ್ಶಿಸಿ ರೈತ ಸಾವು' ಅಂತ ಎರಡು ಸಾಲಿನ ಸುದ್ದಿ ನಮ್ಮಲ್ಲಿ ಬರೆಯದವರಿಲ್ಲ. ಹೆಸರು, ವಯಸ್ಸು, ಊರು, 'ಪ್ರಕರಣ ದಾಖಲಾಗಿದೆ'. ಮುಗಿಯಿತು. ಸ್ಟಾರ್ಟರ್ ಆಫ್ ಆಗಿತ್ತಾ, ಆಫ್ ಆಗಿದ್ದರೆ ಕರೆಂಟು ಹೇಗೆ ಬಂತು, ಡಬ್ಬಿ ಬಿಚ್ಚಿ ಪಾಯಿಂಟು ನೋಡಿದವರು ಯಾರಾದರೂ ಇದ್ದಾರಾ ಅಂತ ನಾವು ಒಮ್ಮೆಯೂ ಕೇಳಿಲ್ಲ. 2003ರ ವಿದ್ಯುತ್ ಕಾಯ್ದೆಯ 161ನೇ ಕಲಂ ವಿದ್ಯುತ್ ಅವಘಡಗಳ ವಿಚಾರಣೆಗೆ ದಾರಿ ಇಟ್ಟಿದೆ, ಅದಕ್ಕೆ ವಿದ್ಯುತ್ ಪರಿವೀಕ್ಷಕರು ಇದ್ದಾರೆ. ವಿಚಾರಣೆಯಲ್ಲಿ ಏನು ಕಂಡಿತು ಅಂತ ಕೇಳಿಕೊಂಡು ಹೋಗಿ ಬರೆಯುವುದು ನಮ್ಮ ಕೆಲಸವಾಗಿತ್ತು. 'ಆಕಸ್ಮಿಕ' ಅನ್ನುವ ಪದ ಸಿಕ್ಕಿದ ಮೇಲೆ ನಮಗೂ ಕೆಲಸ ಮುಗಿದ ಹಾಗೆ.

ಅದು ಆಕಸ್ಮಿಕವಲ್ಲ, ಮೊದಲೇ ಎಣಿಸಬಹುದಾದ ಕೆಡುಕು ಅನ್ನುವುದಕ್ಕೆ ಸಾಕ್ಷಿ ದೂರ ಹುಡುಕಬೇಕಾಗಿಲ್ಲ. ಹೊಂಗನೂರಿನಿಂದ ದಿನಾ ಬೆಳಿಗ್ಗೆ ಹುಡುಗರು ಬಸ್ಸು ಹತ್ತಿ ಬಿಡದಿಗೆ ಹೋಗುತ್ತಾರಲ್ಲ, ಅಲ್ಲೇ ಇದೆ. ಟೆಸ್ಟರ್ ಹಿಡಿದ ಹುಡುಗನನ್ನು ನಾವು ಕೇಳಿದೆವು: ನಿನಗೆ ಯಾಕೆ ಅನುಮಾನ ಬಂತು? ಅವನು ಹೇಳಿದ್ದು ಇಷ್ಟು.

"ನಮ್ ಪ್ಲಾಂಟಲ್ಲಿ ಪ್ರೆಸ್ಸಿಗೆ ಎರಡೆರಡು ರಿಲೇ ಅವೆ ಅಣ್ಣ. ಒಂದು ಕಚ್ಕೊಂಡ್ರೆ ಇನ್ನೊಂದು ಕಡಿಯತ್ತೆ. ಆಮೇಲೆ ನೀನೇನೇ ಮಾಡು, ಪ್ರೆಸ್ಸು ಸ್ಟಾರ್ಟ್ ಆಗಾಕಿಲ್ಲ. ಕೆಟ್ಟಿರೋ ರಿಲೇ ಚೇಂಜ್ ಮಾಡೋಗಂಟ ಆಗಾಕಿಲ್ಲ. ಮೊದ್ಲು ನಂಗೂ ಸಿಟ್ಟು ಬರೋದು."

ಇದನ್ನೇ ಸೇಫ್ಟಿ ರಿಲೇ ಅನ್ನುತ್ತಾರೆ. ಅದರ ಮುಖ್ಯ ಸಂಗತಿ ಒಂದು ಕೋಲು. ಸಾಮಾನ್ಯ ರಿಲೇಯಲ್ಲಿ ಒಂದೊಂದು ಪಾಯಿಂಟೂ ತನ್ನ ಪಾಡಿಗೆ ತಾನು ಬಾಗುವ ಪಟ್ಟಿಯ ಮೇಲಿರಬಹುದು. ಒಂದು ಕಚ್ಚಿಕೊಂಡರೂ ಪಕ್ಕದ್ದು ಸಲೀಸಾಗಿ ಹಿಂದೆ ಬಂದು "ಎಲ್ಲಾ ಬಿಟ್ಟಾಯ್ತು" ಅಂತ ಸುಳ್ಳು ಹೇಳುತ್ತದೆ. ಸೇಫ್ಟಿ ರಿಲೇಯಲ್ಲಿ ಎಲ್ಲಾ ಪಾಯಿಂಟುಗಳನ್ನೂ ಒಂದಕ್ಕೊಂದು ಬಿಗಿಯಾಗಿ ಬಂಧಿಸಿರುತ್ತಾರೆ. ನೊಗಕ್ಕೆ ಕಟ್ಟಿದ ಜೋಡೆತ್ತಿನ ಹಾಗೆ: ಒಂದು ಎತ್ತು ಮಲಗಿಬಿಟ್ಟರೆ ಇನ್ನೊಂದು ಒಂಟಿಯಾಗಿ ಹೋಗಲಾರದು. ಕರೆಂಟು ಕೊಡುವ ಪಾಯಿಂಟು ಬೆಸೆದಿದ್ದರೆ, 'ಬಿಟ್ಟಿದೆ' ಅಂತ ಸಾಕ್ಷಿ ಹೇಳುವ ಎದುರಿನ ಪಾಯಿಂಟು ಕೂಡಲು ಸಾಧ್ಯವೇ ಇಲ್ಲ, ಕನಿಷ್ಠ ಅರ್ಧ ಮಿಲಿಮೀಟರ್ ಅಂತರ ಉಳಿಯಲೇಬೇಕು. ಇಂಥ ರಿಲೇಗಳಿಗೆ ಐಇಸಿ 61810-3 ಅಂತ ಅಂತರರಾಷ್ಟ್ರೀಯ ಮಾನದಂಡವೇ ಇದೆ. ಇಂಥ ಎರಡನ್ನು ಸಾಲಾಗಿ ಹಾಕಿ, ಎರಡರ ಸಾಕ್ಷಿ ಪಾಯಿಂಟನ್ನೂ ಸ್ಟಾರ್ಟ್ ಗುಂಡಿಯ ದಾರಿಯಲ್ಲಿ ಇಡುತ್ತಾರೆ. ಇಬ್ಬರೂ 'ಬಿಟ್ಟಿದ್ದೇವೆ' ಅಂತ ಹೇಳಿದರೆ ಮಾತ್ರ ಯಂತ್ರ ಮತ್ತೆ ಶುರುವಾಗುತ್ತದೆ. ಜರ್ಮನಿಯ ಪಿಲ್ಝ್ ಕಂಪನಿ 1987ರಲ್ಲಿ ಇದನ್ನೆಲ್ಲ ಒಂದೇ ಡಬ್ಬಿಯಲ್ಲಿ ಸೇರಿಸಿ ಮಾರುಕಟ್ಟೆಗೆ ಬಿಟ್ಟಿತು. ಅಂದರೆ ಇದು ನಿನ್ನೆ ಮೊನ್ನೆಯ ವಿದ್ಯೆಯಲ್ಲ.

ಅದಕ್ಕೂ ಹಿಂದಿನದು ಬೇಕಾದರೆ ಚನ್ನಪಟ್ಟಣದ ರೈಲು ಹಳಿಯ ಕಡೆ ನೋಡಿ. ಭಾರತೀಯ ರೈಲ್ವೆಯ ಸಿಗ್ನಲ್ ವಿಭಾಗ ರಿಲೇಗಳನ್ನು ಎರಡು ಜಾತಿ ಮಾಡಿಕೊಂಡಿದೆ. ಒಂದರಲ್ಲಿ ಲೋಹದ ಎದುರು ಲೋಹ ಇಡುವುದೇ ಇಲ್ಲ, ಲೋಹದ ಎದುರು ಇಂಗಾಲ. ಇಂಗಾಲ ಕರಗಿ ಬೆಸೆಯುವ ವಸ್ತುವಲ್ಲ. ಇನ್ನೊಂದು ಜಾತಿಯಲ್ಲಿ ಲೋಹದ ಎದುರು ಲೋಹವೇ ಇರುತ್ತದೆ, ಆದರೆ ಆ ರಿಲೇ ನಿಜಕ್ಕೂ ಬಿಟ್ಟಿದೆ ಅಂತ ಬೇರೆ ಸರ್ಕ್ಯೂಟಿನಲ್ಲಿ ರುಜುವಾತು ಮಾಡಿಕೊಳ್ಳದೆ ಮುಂದಿನ ಸಿಗ್ನಲ್ ಕೊಡುವುದಿಲ್ಲ. ಯಾಕೆಂದರೆ ಪಾಯಿಂಟು ಬೆಸೆದರೆ ಕೆಂಪು ಇರಬೇಕಾದ ಕಡೆ ಹಸಿರು ಬರಬಹುದು. ರೈಲಿನಲ್ಲಿ ಕೂತು ಮೈಸೂರಿಗೆ ಹೋಗುವಾಗ ನಮ್ಮ ಜೀವವನ್ನು ಅಷ್ಟು ಜೋಪಾನ ಮಾಡುವ ಸರ್ಕಾರವೇ, ಅದೇ ಹಳಿಯ ಪಕ್ಕದ ತೋಟದಲ್ಲಿ ನಾವು ಕೇಬಲ್ ಮುಟ್ಟುವಾಗ ಸ್ಪ್ರಿಂಗನ್ನು ನಂಬಿಕೊಳ್ಳಿ ಅನ್ನುತ್ತದೆ.

ಹಾಗಾದರೆ ಪ್ರತಿ ಬೋರಿಗೂ ಬಿಡದಿಯ ಸೇಫ್ಟಿ ರಿಲೇ ಹಾಕಿಸಿ ಅಂತ ಹೇಳುತ್ತಿದ್ದೇವಾ? ಇಲ್ಲ. ಇದರ ಬಗ್ಗೆ ನಮ್ಮೊಳಗೇ ಜಗಳವಾಯಿತು. ನಮ್ಮಲ್ಲಿ ಇಬ್ಬರು ಹಾಕಿಸಲೇಬೇಕು ಅಂದರು. ಉಳಿದವರ ವಾದ ಬೇರೆ. ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಅನ್ನುತ್ತದೆ ಸರ್ಕಾರ, ಅದರಲ್ಲೂ ಒಂದಷ್ಟು ರಾತ್ರಿ ಪಾಳಿ. ಆ ಹೊತ್ತಿನಲ್ಲಿ ಸ್ಟಾರ್ಟ್ ಆಗುವುದಿಲ್ಲ ಅಂತ ಹಟ ಹಿಡಿಯುವ ಯಂತ್ರವನ್ನು ರೈತ ಎಷ್ಟು ದಿನ ಸಹಿಸುತ್ತಾನೆ? ಪ್ರಿವೆಂಟರಿನ ಗತಿ ಏನಾಗಿದೆ ನೋಡಿ. ಅರ್ಧಕ್ಕರ್ಧ ಡಬ್ಬಿಗಳಲ್ಲಿ ಅದನ್ನು ಬೈಪಾಸ್ ಮಾಡಿ ಎರಡು ವೈರ್ ತಿರುಚಿ ಬಿಟ್ಟಿದ್ದಾರೆ ಅಂತ ಮೆಕ್ಯಾನಿಕ್ಕುಗಳೇ ಹೇಳುತ್ತಾರೆ. "ಕರೆಂಟ್ ಇರಾದೇ ಮೂರ್ ಗಂಟೆ, ಅದ್ರಲ್ಲಿ ಇದರ ನಖರ ಯಾರ್ ನೋಡ್ತಾರೆ" ಅನ್ನುವ ಮಾತಿಗೆ ನಮ್ಮ ಹತ್ತಿರ ಉತ್ತರ ಇರಲಿಲ್ಲ. ಸಹಿಸಲಾಗದ ಕಾವಲನ್ನು ಜನ ಕಿತ್ತು ಹಾಕುತ್ತಾರೆ, ಕಿತ್ತು ಹಾಕಿದ ಕಾವಲು ಇಲ್ಲದ ಕಾವಲಿಗಿಂತ ಕೆಟ್ಟದ್ದು, ಯಾಕೆಂದರೆ ಡಬ್ಬಿ ನೋಡಿದವರಿಗೆ ಅದು ಇದೆ ಅಂತಲೇ ಕಾಣುತ್ತದೆ.

ಆದ್ದರಿಂದ ಪಂಪ್‌ಸೆಟ್ಟಿಗೆ ನಾವು ಕೇಳುವುದು ಚಿಕ್ಕದು. ಒಂದು ದೀಪ.

ಈಗಿನ ಡಬ್ಬಿಗಳಲ್ಲಿ ಮೋಟ್ರು ಓಡುವಾಗ ಒಂದು ದೀಪ ಉರಿಯುತ್ತದೆ, ನಿಂತಾಗ ಆರುತ್ತದೆ. ಎಷ್ಟೋ ಕಡೆ ಆ ದೀಪಕ್ಕೆ ಕರೆಂಟು ಬರುವುದು ಕಾಯಿಲಿನ ದಾರಿಯಿಂದ. ಕಾಯಿಲು ಆಫ್ ಆದರೆ ದೀಪ ಆಫ್, ಪಾಯಿಂಟು ಬೆಸೆದಿದ್ದರೂ ಆಫ್. ಬಲ್ಬು ಸುಟ್ಟು ಹೋಗಿದ್ದರೂ ಆಫ್. ಅಂದರೆ ಕತ್ತಲೆ ಕಂಡರೆ 'ಅಪಾಯವಿಲ್ಲ' ಅಂತ ಓದಿಕೊಳ್ಳುವ ಅಭ್ಯಾಸ ನಮಗಾಗಿದೆ. ಇದು ತಲೆಕೆಳಗಾಗಬೇಕು. ಒಳ್ಳೆಯ ಕಾಂಟ್ಯಾಕ್ಟರುಗಳಲ್ಲಿ 'ಮಿರರ್ ಕಾಂಟ್ಯಾಕ್ಟ್' ಅಂತ ಒಂದು ಚಿಕ್ಕ ಪಾಯಿಂಟು ಸಿಗುತ್ತದೆ, ಕನ್ನಡಿಯ ಹಾಗೆ ದೊಡ್ಡ ಪಾಯಿಂಟುಗಳ ಸ್ಥಿತಿಯನ್ನು ತೋರಿಸುವಂಥದ್ದು. ಮೂರು ದೊಡ್ಡ ಪಾಯಿಂಟುಗಳಲ್ಲಿ ಒಂದೇ ಒಂದು ಕಚ್ಚಿಕೊಂಡಿದ್ದರೂ ಅದು ಕೂಡುವುದಿಲ್ಲ. ಆ ಪಾಯಿಂಟಿನ ಮೂಲಕ ಒಂದು ಹಸಿರು ದೀಪ ಕೊಡಿಸಿ. ಲೈನಿನಲ್ಲಿ ಕರೆಂಟು ಇದ್ದು, ಕೆಂಪು ಗುಂಡಿ ಒತ್ತಿದಾಗ ಹಸಿರು ಉರಿದರೆ ಮೂರೂ ಬಿಟ್ಟಿವೆ. ಉರಿಯದಿದ್ದರೆ ಪಾಯಿಂಟು ಬೆಸೆದಿರಬಹುದು, ಬಲ್ಬು ಹೋಗಿರಬಹುದು. ಯಾವುದೇ ಆಗಿರಲಿ, ಮುಟ್ಟಬೇಡಿ. ಕೊಳ್ಳುವಾಗ ಅಂಗಡಿಯವರ ಬಾಯಿ ಮಾತು ಸಾಲದು, ಕಂಪನಿಯ ಕ್ಯಾಟಲಾಗಿನಲ್ಲಿ ಮಿರರ್ ಕಾಂಟ್ಯಾಕ್ಟ್ ಅಂತ ಬರೆದಿದೆಯಾ ನೋಡಿ. ಫೋನಿನಲ್ಲೇ ಸಿಗುತ್ತದೆ. ಕಾಂಟ್ಯಾಕ್ಟರ್ ಬದಲಾಯಿಸಲು ಕಂಪನಿ ನೋಡಿಕೊಂಡು ಎರಡು ಮೂರು ಸಾವಿರ ರೂಪಾಯಿ ಆಸುಪಾಸು ಆಗಬಹುದು. ಮೋಟ್ರು ಎತ್ತಿ ಇಳಿಸುವ ಲೆಕ್ಕ ನಿಮಗೆ ನಮಗಿಂತ ಚೆನ್ನಾಗಿ ಗೊತ್ತು.

ಹಸಿರು ದೀಪ ಉರಿದ ಮಾತ್ರಕ್ಕೆ ಕೇಬಲ್ ಮುಟ್ಟಿ ಅಂತ ನಾವು ಹೇಳುತ್ತಿಲ್ಲ, ಇದನ್ನು ತಪ್ಪಾಗಿ ಓದಿಕೊಳ್ಳಬೇಡಿ. ಕೇಬಲ್ ಕೆಲಸ ಅಂದರೆ ಆಟೋ ತೆಗೆಯಬೇಕು, ಮೇನ್ ಸ್ವಿಚ್ ಇಳಿಸಬೇಕು, ಆಮೇಲೆ ಮೂರೂ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳಬೇಕು. ಜೇಬಿಗೇ ಹಾಕಿಕೊಳ್ಳಿ, ಡಬ್ಬಿಯ ಮೇಲಿಟ್ಟರೆ ಇನ್ಯಾರೋ ಬಂದು "ಫ್ಯೂಸ್ ಬಿದ್ದೋಗದೆ" ಅಂತ ಚುಚ್ಚಿ ಹೋಗುತ್ತಾರೆ. ಟೆಸ್ಟರನ್ನು ಮೊದಲು ಕರೆಂಟಿರುವ ಕಡೆ ಹಿಡಿದು ಅದು ಉರಿಯುತ್ತದೆಯಾ ನೋಡಿ, ಆಮೇಲೆ ಮೂರೂ ತಂತಿಗೆ ಹಿಡಿಯಿರಿ. ಕೆಟ್ಟ ಟೆಸ್ಟರೂ ಕತ್ತಲೆಯಾಗಿಯೇ ಇರುತ್ತದೆ. ಮೇನ್ ಸ್ವಿಚ್ಚೇ ಇಲ್ಲದೆ ನೇರ ಲೈನಿನಿಂದ ಸ್ಟಾರ್ಟರಿಗೆ ಎಳೆದಿರುವ ತೋಟಗಳೂ ಇವೆ, ನೋಡಿದ್ದೇವೆ. ಅಲ್ಲಿ ಲೈನ್‌ಮನ್ನನ್ನು ಕರೆಯದೆ, 1912ಕ್ಕೆ ಹೇಳಿ ಲೈನ್ ತೆಗೆಸದೆ ಏನೂ ಮಾಡುವಂತಿಲ್ಲ. ಮೊದಲು ಒಂದು ಮೇನ್ ಸ್ವಿಚ್ ಹಾಕಿಸಿ.

ಮೊಬೈಲ್ ಸ್ಟಾರ್ಟರ್ ಇಟ್ಟುಕೊಂಡವರಿಗೆ ಒಂದು ಮಾತು. ಮನೆಯಲ್ಲಿ ಮಲಗಿ ಮಿಸ್ ಕಾಲ್ ಕೊಟ್ಟು 'ಮೋಟಾರ್ ಆಫ್' ಅಂತ ಮೆಸೇಜು ಬಂದಾಗ ಅದು ಏನನ್ನು ನೋಡಿ ಹಾಗೆ ಹೇಳಿತು ಅಂತ ಕೇಳಿಕೊಳ್ಳಿ. ಮೋಟ್ರಿಗೆ ಹೋಗುವ ಕರೆಂಟನ್ನು ಅಳೆದು ಹೇಳುವ ಸಾಧನಗಳಿವೆ. ಕಾಯಿಲಿಗೆ ಹೊಡೆದ ಆದೇಶವನ್ನೇ ಫಲಿತಾಂಶ ಅಂತ ಹೇಳುವವೂ ಇವೆ. ತಾಲ್ಲೂಕು ಕಚೇರಿಯಲ್ಲಿ 'ಅರ್ಜಿ ವಿಲೇವಾರಿಯಾಗಿದೆ' ಅನ್ನುವ ಮೆಸೇಜಿನ ಹಾಗೆ. ಕರೆಂಟು ಅಳೆಯುವ ಸಾಧನವೂ ಒಂದೇ ಪಾಯಿಂಟು ಬೆಸೆದಿದ್ದರೆ ಏನೂ ಕಾಣದೆ 'ಆಫ್' ಅಂತಲೇ ಹೇಳುತ್ತದೆ, ಯಾಕೆಂದರೆ ತಂತಿ ಜೀವಂತ ಇದ್ದರೂ ಕರೆಂಟು ಹರಿಯುತ್ತಿರುವುದಿಲ್ಲ.

ಇನ್ನು 'ಆಟೋ' ವಿಷಯ. ಕರೆಂಟು ರಾತ್ರಿ ಒಂದಕ್ಕೋ ಎರಡಕ್ಕೋ ಬರುತ್ತದೆ, ಎದ್ದು ಹೋಗುವವರು ಯಾರು, ಹಾವು ಹರಿದಾಡುವ ಬದುವಿನ ಮೇಲೆ? ಆಟೋ ಹಾಕಿಟ್ಟರೆ ಕರೆಂಟು ಬಂದ ಕೂಡಲೇ ಮೋಟ್ರು ತಾನೇ ಎದ್ದುಕೊಳ್ಳುತ್ತದೆ. ಈ ಆಸೆಯನ್ನು ನಾವು ಹಳಿಯುವುದಿಲ್ಲ, ಹಗಲು ಹೊತ್ತು ಕರೆಂಟು ಕೊಡದವರು ಹಳಿಯಲಿಕ್ಕೆ ಹಕ್ಕುದಾರರಲ್ಲ. ಆದರೆ ಆಟೋಗೂ ಪಾಯಿಂಟು ಬೆಸೆಯುವುದಕ್ಕೂ ನೇರ ನಂಟಿದೆ. ಒಂದು ಟಿಸಿಗೆ ಹದಿನೈದು ಇಪ್ಪತ್ತು ಮೋಟ್ರು. ಕರೆಂಟು ಬಂದ ಆ ಒಂದು ಕ್ಷಣಕ್ಕೆ ಎಲ್ಲಾ ಆಟೋಗಳೂ ಒಟ್ಟಿಗೆ ಎದ್ದು, ಪ್ರತಿಯೊಂದೂ ಐದಾರು ಪಟ್ಟು ಆಂಪ್ಸ್ ಎಳೆಯುತ್ತವೆ. ವೋಲ್ಟೇಜ್ ಕುಸಿಯುತ್ತದೆ. ಕಾಂಟ್ಯಾಕ್ಟರಿನ ಕಾಯಿಲು ತನ್ನ ವೋಲ್ಟೇಜಿನ 85 ಭಾಗದವರೆಗೆ ಗಟ್ಟಿಯಾಗಿ ಎಳೆಯಬೇಕು ಅನ್ನುತ್ತದೆ ಮಾನದಂಡ, 415ರ ಕಾಯಿಲಿಗೆ ಅದು 353 ವೋಲ್ಟ್. ಅದಕ್ಕಿಂತ ಕೆಳಗಿಳಿದರೆ ಭರವಸೆ ಇಲ್ಲ. ಎಳೆಯುತ್ತದೆ, ಬಿಡುತ್ತದೆ, ಮತ್ತೆ ಎಳೆಯುತ್ತದೆ. ಡಬ್ಬಿ 'ಟರ್‌ರ್' ಅಂತ ಸದ್ದು ಮಾಡುತ್ತದಲ್ಲ, ಅದು ಇದೇ. ಒಂದೊಂದು ಬಡಿತಕ್ಕೂ ಒಂದೊಂದು ಕಿಡಿ. ಪಾಯಿಂಟು ಬೆಸೆಯುವುದು ಹೆಚ್ಚಾಗಿ ಆ ಸದ್ದಿನಲ್ಲಿ. ಹಾಗಾಗಿ ನಿಮ್ಮ ಸ್ಟಾರ್ಟರ್ ಹಾಳಾಗುವುದರಲ್ಲಿ ಪಕ್ಕದ ತೋಟದ ಆಟೋಗೂ ಪಾಲಿದೆ, ಅವರದ್ದು ಹಾಳಾಗುವುದರಲ್ಲಿ ನಿಮ್ಮದಕ್ಕೂ.

ಇದಕ್ಕೆ ದುಡ್ಡು ಬೇಡ, ಮಾತುಕತೆ ಸಾಕು. ಆಟೋ ಪ್ಯಾನಲ್‌ಗಳಲ್ಲಿ ಕರೆಂಟು ಬಂದ ಎಷ್ಟು ಹೊತ್ತಿನ ಮೇಲೆ ಶುರುವಾಗಬೇಕು ಅಂತ ಇಡುವ ಟೈಮರ್ ಸಾಮಾನ್ಯವಾಗಿ ಇರುತ್ತದೆ. ಒಂದು ಟಿಸಿಯವರು ಕೂತು, ನಿಮ್ಮದು ಒಂದು ನಿಮಿಷಕ್ಕೆ, ನಮ್ಮದು ಎರಡಕ್ಕೆ, ಅವರದು ಮೂರಕ್ಕೆ ಅಂತ ಹಂಚಿಕೊಂಡರೆ ಆಯಿತು. ಹಿಂದೆ ಕೆರೆ ತೂಬಿನ ನೀರಿಗೆ ಸರದಿ ಇಟ್ಟುಕೊಂಡವರು ನಾವು, ಕರೆಂಟಿಗೆ ಇಟ್ಟುಕೊಳ್ಳಲಾರೆವಾ?

ಪಂಪ್‌ಸೆಟ್ ಬಿಟ್ಟು ಬೇರೆ ಯಂತ್ರಗಳ ವಿಷಯದಲ್ಲಿ ನಾವು ಇಷ್ಟು ಮೆತ್ತಗಿಲ್ಲ. ಹಸು ಕಟ್ಟಿದ ಮನೆಗಳಲ್ಲಿ ಮೇವು ಕತ್ತರಿಸುವ ಯಂತ್ರ ಬಂದಿದೆ. ಚನ್ನಪಟ್ಟಣದಲ್ಲಿ ಗೊಂಬೆ ಮಾಡುವ ಲೇತುಗಳಿವೆ. ಊರೂರಲ್ಲಿ ಹಿಟ್ಟಿನ ಗಿರಣಿಗಳಿವೆ. ಇಲ್ಲಿ ಕೈಗೂ ತಿರುಗುವ ಕಬ್ಬಿಣಕ್ಕೂ ಗೇಣು ಅಂತರ. ಬಹಳ ಕಡೆ ಸ್ಟಾರ್ಟರೂ ಇಲ್ಲ, ಬರೀ ಒಂದು ಸ್ವಿಚ್ಚು: ಕರೆಂಟು ಹೋದಾಗ ಸಿಕ್ಕಿಕೊಂಡ ಸೊಪ್ಪು ಬಿಡಿಸಲು ಕೈ ಹಾಕುತ್ತಾರೆ, ಕರೆಂಟು ಬಂದ ಕೂಡಲೇ ಅದು ತಿರುಗುತ್ತದೆ. ನಾಲ್ಕು ಜನ ಕೆಲಸ ಮಾಡುವ ಶೆಡ್ಡು ಕಾನೂನಿನ ಕಣ್ಣಿಗೆ ಕಾರ್ಖಾನೆಯಲ್ಲ, ಪರೀಕ್ಷೆಗೆ ಬರುವವರಿಲ್ಲ. ಬಿಡದಿಯ ಪ್ರೆಸ್ಸಿಗೆ ಬೇಕಾದ ಎರಡು ರಿಲೇ ನಿಜವಾಗಿ ಬೇಕಾದದ್ದು ಇಲ್ಲಿಗೂ. ಇಲ್ಲಿ ಯಂತ್ರ 'ಸ್ಟಾರ್ಟ್ ಆಗಲ್ಲ' ಅಂತ ಹಟ ಹಿಡಿದರೆ ಬೆಳೆ ಒಣಗುವುದಿಲ್ಲ, ಅರ್ಧ ದಿನದ ಕೆಲಸ ಹೋಗುತ್ತದೆ.

ಸರ್ಕಾರಕ್ಕೆ ಕೇಳುವುದೂ ಇದೆ. ಗಂಗಾ ಕಲ್ಯಾಣ ಯೋಜನೆಯಲ್ಲಿ ನಿಗಮಗಳು ಬೋರು ಕೊರೆಸಿ, ಪಂಪು ಇಳಿಸಿ, ಪ್ಯಾನಲ್ ಕೂರಿಸಿ ಕೊಡುತ್ತವೆ. ಸಣ್ಣ ರೈತ, ಪರಿಶಿಷ್ಟರು, ಹಿಂದುಳಿದವರು, ಅಲ್ಪಸಂಖ್ಯಾತರು ಆ ಡಬ್ಬಿಯನ್ನು ಆರಿಸಿಕೊಳ್ಳುವುದಿಲ್ಲ, ಟೆಂಡರಿನಲ್ಲಿ ಬಂದದ್ದನ್ನು ತೆಗೆದುಕೊಳ್ಳುತ್ತಾರೆ. ಆ ಟೆಂಡರಿನ ಷರತ್ತಿನಲ್ಲಿ ಮೂರು ಸಾಲು ಸೇರಲಿ: ಮೇನ್ ಸ್ವಿಚ್, ಮಿರರ್ ಕಾಂಟ್ಯಾಕ್ಟ್ ಇರುವ ಕಾಂಟ್ಯಾಕ್ಟರ್, ಅದರ ಮೇಲೆ ಹಸಿರು ದೀಪ. ಕರ್ನಾಟಕದಲ್ಲಿ 10 ಎಚ್‌ಪಿವರೆಗಿನ ಪಂಪ್‌ಸೆಟ್ಟಿಗೆ ಕರೆಂಟು ಉಚಿತ. ಉಚಿತ ಕರೆಂಟಿಗೆ ಹಾಕುವ ದುಡ್ಡಿನ ಎದುರು ಒಂದು ದೀಪದ ಖರ್ಚು ಲೆಕ್ಕಕ್ಕೇ ಬರುವಂಥದ್ದಲ್ಲ. ಜಿಲ್ಲೆಯ ಹೆಸರು ರಾಮನಗರದಿಂದ ಬೆಂಗಳೂರು ದಕ್ಷಿಣ ಅಂತ ಬದಲಾಗಿ ಬೋರ್ಡುಗಳೆಲ್ಲ ಹೊಸದಾಗುತ್ತಿವೆ, ಅದಕ್ಕೆ ದುಡ್ಡು ಇದ್ದರೆ ಇದಕ್ಕೂ ಇರಬೇಕು.

ಹೊಂಗನೂರಿನ ತೋಟದಲ್ಲಿ ಕಾಂಟ್ಯಾಕ್ಟರ್ ಬದಲಾಗಿದೆ, ಹಸಿರು ದೀಪ ಬಂದಿದೆ. ಬೆಸೆದ ಹಳೇ ಕಾಂಟ್ಯಾಕ್ಟರನ್ನು ಮಾವ ಗುಜರಿಗೆ ಹಾಕಲಿಲ್ಲ, ಮೋಟ್ರು ಮನೆಯ ಗೋಡೆಗೆ ಮೊಳೆ ಹೊಡೆದು ನೇತು ಹಾಕಿದ್ದಾರೆ, ಬಂದವರಿಗೆಲ್ಲ ತೋರಿಸುತ್ತಾರೆ. ಅದೇ ಟಿಸಿಯವರು ಏಳು ಜನ ಒಂದು ಸಂಜೆ ಸೇರಿ ಟೈಮರಿನ ಸರದಿ ಮಾತಾಡಿದರು, ನಾವೂ ಹೋಗಿದ್ದೆವು. ಆರು ಜನ ಒಪ್ಪಿದರು. ಏಳನೆಯವರು ಇನ್ನೂ ಒಪ್ಪಿಲ್ಲ. ಮೊದಲ ನಿಮಿಷ ತಮ್ಮ ಮಾವಿನ ತೋಟಕ್ಕೇ ಬೇಕು ಅನ್ನುತ್ತಾರೆ.